ದೊಡ್ಡಮ್ಮ ಹಕ್ಕಿಗಳನ್ನು ಜಾಲಿಸಿದ್ದು

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ. ಸಾಲು ಬಲಗಡೆಗೆ ಹೋಗುತ್ತಾ ಕೆಳಗೆ ಇಳಿದುಬಿಡುತ್ತದೆ, ಅದಕ್ಕೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡಿದ್ದೇನೆ. ಪದಗಳೂ ನನ್ನಲ್ಲಿ ಹೆಚ್ಚಿಲ್ಲ. ಒಂಬತ್ತನೇ ತರಗತಿಯನ್ನು ಅರ್ಧಕ್ಕೆ ಬಿಟ್ಟವಳು ನಾನು. ಓದಲು ತೊಡಕಾದ ಕಡೆ ದಯವಿಟ್ಟು ಕ್ಷಮಿಸಿ. ಗೊತ್ತಿಲ್ಲದ್ದನ್ನು ಮಾತ್ರ ಬರೆದಿಲ್ಲ.

ಕಳೆದ ವರ್ಷ ಹಡಗಿನ ಎಣ್ಣೆ ನಮ್ಮ ದಂಡೆಗೆ ಬಂದಾಗ ಮೀನು ಹರಾಜಿನ ಶೆಡ್ಡಿನಲ್ಲಿ ಯಾರು ಯಾರು ಕೆಲಸ ಮಾಡಿದರೋ ಅವರೆಲ್ಲ ತಮಗೆ ಗೊತ್ತಿರುವ ಒಬ್ಬರ ಬಗ್ಗೆ ಬರೆದುಕೊಡಬೇಕು ಎಂದು ಲೈಬ್ರರಿ ಮೇಡಂ ಕೇಳಿದ್ದಾರೆ. ಎಲ್ಲವನ್ನೂ ಹೊಲಿದು ಒಂದು ಪುಸ್ತಕ ಮಾಡಿ ಲೈಬ್ರರಿಯಲ್ಲೇ ಇಡುತ್ತಾರಂತೆ. ಇನ್ನೊಮ್ಮೆ ಎಣ್ಣೆ ಬಂದರೆ ಆಗಿನವರು ನಮ್ಮ ಹಾಗೆ ತಡಕಾಡಬಾರದು ಎಂದು ಅವರ ಆಸೆ. ಹೆಚ್ಚಿನವರು ಎಣ್ಣೆ ಮೆತ್ತಿದ ಹಕ್ಕಿಗಳನ್ನು ನೋಡಿಕೊಂಡ ಡಾಕ್ಟರಮ್ಮನ ಬಗ್ಗೆ ಬರೆದಿದ್ದಾರೆ. ನಾನು ನನ್ನ ದೊಡ್ಡಮ್ಮನ ಬಗ್ಗೆ, ಅಂದರೆ ಅಮ್ಮನ ಅಕ್ಕನ ಬಗ್ಗೆ ಬರೆಯುತ್ತೇನೆ. ತೊಳೆದ ಹಕ್ಕಿಗಳು ಯಾಕೆ ತೇಲುತ್ತಿಲ್ಲ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ ಅದನ್ನು ಕಂಡುಹಿಡಿದವಳು ಅವಳು. ಆದರೆ ಅವಳು ಅದನ್ನು ಯಾರಿಗೂ ಹೇಳಿಕೊಳ್ಳುವುದಿಲ್ಲ.

ದೊಡ್ಡಮ್ಮನಿಗೆ ಈಗ ಐವತ್ತೆಂಟು. ಬಂದರು ರಸ್ತೆಯ ತಿರುವಿನಲ್ಲಿ ಅವಳ ಲಾಂಡ್ರಿ ಇದೆ. ಕೆಳಗೆ ಎರಡು ದೊಡ್ಡ ಮೆಷಿನ್, ಒಂದು ಬಾಯ್ಲರ್, ಮೂರು ಕಲ್ಲಿನ ತೊಟ್ಟಿ. ಮೇಲೆ ತಾರಸಿಯಲ್ಲಿ ಒಂಬತ್ತು ಸಾಲು ತಂತಿ. ದಂಡೆಯ ಲಾಡ್ಜುಗಳ ಹಾಸಿಗೆ ಬಟ್ಟೆ, ಆಸ್ಪತ್ರೆಯ ಪರದೆ, ಹೋಟೆಲಿನ ಮೇಜುಬಟ್ಟೆ ಎಲ್ಲ ಬರುವುದು ಅಲ್ಲಿಗೇ. ಹನ್ನೆರಡನೇ ವಯಸ್ಸಿಗೆ ಕೆಲಸಕ್ಕೆ ಸೇರಿದಾಗ ತೊಟ್ಟಿ ಎಟುಕದೆ ಸ್ಟೂಲಿನ ಮೇಲೆ ನಿಂತು ಒಗೆಯುತ್ತಿದ್ದಳಂತೆ. ಬಾಯ್ಲರ್ ನೋಡಿಕೊಳ್ಳುತ್ತಿದ್ದವರನ್ನೇ ಮದುವೆಯಾದಳು. ದೊಡ್ಡಪ್ಪನನ್ನು ನಾನು ನೋಡಿಲ್ಲ. ಅವರ ಟೋಪಿ ಮಾತ್ರ ಬಾಯ್ಲರಿನ ಪಕ್ಕದ ಮೊಳೆಯಲ್ಲಿ ಈಗಲೂ ಇದೆ. ವಾರಕ್ಕೊಮ್ಮೆ ಅದನ್ನು ಒಗೆದು, ಇಸ್ತ್ರಿ ಮಾಡಿ, ಅಲ್ಲೇ ತೂಗುಹಾಕುತ್ತಾಳೆ.

ಲಾಂಡ್ರಿಯಿಂದ ಕಡಲಿಗೆ ಇನ್ನೂರು ಹೆಜ್ಜೆ ಎಂದು ಮೊದಲು ಬರೆದಿದ್ದೆ. ನಿನ್ನೆ ಹೋಗಿ ಎಣಿಸಿದೆ, ಇನ್ನೂರ ಹದಿನಾರು. ಇಷ್ಟು ಹತ್ತಿರವಿದ್ದರೂ ದೊಡ್ಡಮ್ಮ ಕಡಲಿಗೆ ಕಾಲಿಟ್ಟದ್ದನ್ನು ಯಾರೂ ಕಂಡಿಲ್ಲ. "ತಳ ಕಾಣದ ನೀರಿಗೆ ನಾನು ಕೈಕಾಲು ಹಾಕಲ್ಲ," ಎನ್ನುತ್ತಾಳೆ.

ಕಲೆಗಳನ್ನು ಅವಳು ಓದುತ್ತಾಳೆ ಎನ್ನಬೇಕು. ಮೇಜುಬಟ್ಟೆಯನ್ನು ಬೆಳಕಿಗೆ ಹಿಡಿದು, "ಇಲ್ಲಿ ಎಡಗೈಯವನು ಕೂತಿದ್ದ, ಟೀ ಬಲಗಡೆ ಚೆಲ್ಲಿಲ್ಲ ನೋಡು. ಎದುರಿಗೆ ಮಗು. ಮಗು ಪಕ್ಕದಲ್ಲಿ ಅದರ ಅಪ್ಪ, ಒರೆಸೋಕೆ ಹೋಗಿ ಇನ್ನಷ್ಟು ಹರಡಿದ್ದಾನೆ," ಎಂದು ಹೇಳುತ್ತಾಳೆ. ಅವಳ ಲಾಂಡ್ರಿಯಲ್ಲಿ ಎರಡೇ ಕಟ್ಟಳೆ. ಕಲೆಗೆ ಸಮಯ ಕೊಡಬಾರದು, ಬಿದ್ದ ಕೂಡಲೇ ನೀರಿಗೆ ಹಾಕಬೇಕು. ಇನ್ನೊಂದು, ಜಾಲಿಸುವಾಗ ಅವಸರ ಕೂಡದು. ಬಟ್ಟೆ ಹಾಳಾಗುವುದು ಕೊಳೆಯಿಂದ ಅಲ್ಲ, ಒಳಗೆ ಉಳಿದ ಸೋಪಿನಿಂದ ಎನ್ನುವುದು ಅವಳ ಮಾತು.

ಅವಳ ಏಪ್ರನ್ನಿನ ಜೇಬಿನಲ್ಲಿ ಯಾವಾಗಲೂ ಒಂದು ಹಳೇ ಸೋಪಿನ ಚೂರು ಇರುತ್ತದೆ, ಬಟ್ಟೆ ಸೋಪು. ಬೆಳಗ್ಗೆ ನಲ್ಲಿ ಬಿಟ್ಟ ಕೂಡಲೇ ಅದನ್ನು ಅಂಗೈಯಲ್ಲಿ ತಿಕ್ಕಿ ನೋಡುತ್ತಾಳೆ. ನೊರೆ ಬಂದರೆ ಕೆಲಸ ಶುರು. ಬಾರದಿದ್ದರೆ ಬಾಯ್ಲರಿನ ಪಕ್ಕದ ನೀಲಿ ಟ್ಯಾಂಕಿಗೆ ಉಪ್ಪು ಸುರಿಯಬೇಕು. ನಮ್ಮ ಊರಿನ ಬೋರ್‌ವೆಲ್ ನೀರು ಗಡಸು. ಆ ಟ್ಯಾಂಕಿನಲ್ಲಿ ಹಾದು ಬಂದರೆ ಮೆದುವಾಗುತ್ತದೆ. ಉಪ್ಪು ಹಾಕಿದರೆ ನೀರು ಉಪ್ಪಾಗಬೇಕಲ್ಲ, ಮೆದುವಾಗುವುದು ಹೇಗೆ ಎಂದು ನಾನು ಒಮ್ಮೆ ಕೇಳಿದ್ದೆ.

"ಅದು ಗೊತ್ತಿಲ್ಲ ಕಣೇ," ಎಂದಳು. "ಹಾಕದೇ ಇದ್ರೆ ಏನಾಗತ್ತೆ ಅನ್ನೋದು ಗೊತ್ತು."

ನಾನು ಶಾಲೆ ಬಿಟ್ಟದ್ದು ಮಾತಾಡಲಾಗದೆ. ನಿಂತು ಉತ್ತರ ಹೇಳು ಎಂದರೆ ಉತ್ತರ ಗೊತ್ತಿದ್ದರೂ ಗಂಟಲು ಕಟ್ಟಿಕೊಳ್ಳುತ್ತಿತ್ತು. ಎಲ್ಲರೂ ಯಾಕೆ, ಏನಾಯಿತು ಎಂದು ಕೇಳಿದರು. ದೊಡ್ಡಮ್ಮ ಕೇಳಲಿಲ್ಲ. ಅಮ್ಮ ನನ್ನನ್ನು ಕರೆದುಕೊಂಡು ಬಂದ ದಿನ ಅವಳು ಒಂದು ದೊಡ್ಡ ಹಾಸಿಗೆ ಬಟ್ಟೆ ಮಡಿಸಲು ಹೆಣಗುತ್ತಿದ್ದಳು. "ಆ ತುದಿ ಹಿಡ್ಕೋ," ಎಂದಳು. ಹಿಡಿದೆ. ಅಲ್ಲಿಂದ ಎರಡು ವರ್ಷವಾಯಿತು.

ಈಗ ಎಣ್ಣೆಯ ವಿಷಯ.

ಒಂದು ಮಂಗಳವಾರ ಬೆಳಗ್ಗೆ ತಾರಸಿಯಲ್ಲಿ ಒಣಹಾಕಿದ್ದ ಬಟ್ಟೆಗಳೆಲ್ಲ ಪೆಟ್ರೋಲ್ ಬಂಕಿನ ವಾಸನೆ ಹೊಡೆಯುತ್ತಿದ್ದವು. ದೊಡ್ಡಮ್ಮ ಒಂದೊಂದನ್ನೂ ಮೂಸಿ, "ಯಾರೇ ಇದು, ಮೆಷಿನ್‌ಗೆ ಗ್ರೀಸ್ ಬಿಟ್ಟವರು?" ಎಂದು ನನ್ನನ್ನು ನೋಡಿದಳು. ಯಾರೂ ಬಿಟ್ಟಿರಲಿಲ್ಲ. ಬಂದರಿನ ಆಚೆ ಸರಕಿನ ಹಡಗೊಂದು ಬಂಡೆಗೆ ಬಡಿದು ಅದರ ಹೊಟ್ಟೆ ಸೀಳಿತ್ತು. ಎಂಜಿನ್ನಿಗೆ ಸುರಿಯುವ ಕಪ್ಪು ಎಣ್ಣೆ, ಟಾರಿನಷ್ಟು ದಪ್ಪ, ಮೂರು ದಿನ ದಂಡೆಗೆ ಬಂದು ಅಂಟಿತು. ದೋಣಿಗಳು ನಿಂತವು. ಮೀನು ಹರಾಜು ನಿಂತಿತು. ಲಾಡ್ಜುಗಳಲ್ಲಿ ಜನ ಇಲ್ಲ, ಜನ ಇಲ್ಲದ ಮೇಲೆ ಹಾಸಿಗೆ ಬಟ್ಟೆಯೂ ಇಲ್ಲ. ಅಷ್ಟು ವರ್ಷಗಳಲ್ಲಿ ಮೊದಲ ಸಲ ಎರಡೂ ಮೆಷಿನ್ ಸುಮ್ಮನೆ ನಿಂತದ್ದನ್ನು ನೋಡುತ್ತಾ ದೊಡ್ಡಮ್ಮ ಕೈಕಟ್ಟಿ ಕೂತಳು.

ಬುಧವಾರ ಬೆಳಗ್ಗೆ ಗಂಟು ಮಾವ ಬಂದರು. ಅವರು ಬಲೆ ಹೊಲಿಯುವವರು. ಅವರು ಹಾಕಿದ ಗಂಟು ಬಿಚ್ಚಲು ಚಾಕುವೇ ಬೇಕು, ಅದಕ್ಕೆ ಆ ಹೆಸರು. ಅವರಿಗೂ ದೊಡ್ಡಮ್ಮನಿಗೂ ಮೂವತ್ತು ವರ್ಷದಿಂದ ಮಾತಿನ ಜಗಳ. ಅವರ ಕಂಕುಳಲ್ಲಿ ಟವಲ್ ಸುತ್ತಿದ ಏನೋ ಅಲುಗುತ್ತಿತ್ತು.

"ಅಕ್ಕಾ, ನಿನ್ನ ಕೈಲಿ ಹೋಗದ ಕಲೆ ಇಲ್ಲ ಅಂತ ಊರೆಲ್ಲ ಹೇಳ್ಕೊಂಡು ಬರ್ತೀಯಲ್ಲ. ತಗೋ, ಇದನ್ನ ತೆಗಿ ನೋಡೋಣ."

ಟವಲ್ ಬಿಚ್ಚಿದರೆ ಎರಡು ಕೆಂಪು ಕಣ್ಣು, ಒಂದು ಚೂಪು ಕೊಕ್ಕು. ಉಳಿದದ್ದೆಲ್ಲ ಕಪ್ಪು ಮುದ್ದೆ. ಬಾತುಕೋಳಿಗಿಂತ ಸ್ವಲ್ಪ ಚಿಕ್ಕದು. ಮುಳುಗಿ ಮೀನು ಹಿಡಿಯುವ ಈ ಹಕ್ಕಿಯನ್ನು ನಮ್ಮ ಬಂದರಿನವರು ಮುಳುಗ ಎನ್ನುತ್ತಾರೆ.

"ಸೀಮೆಎಣ್ಣೆ ಹಾಕಿ ಒರೆಸೋಣ ಅಂತಿದ್ರು ಹುಡುಗ್ರು," ಎಂದರು ಮಾವ. "ನಮ್ಮ ಕೈಗೆ ಹಚ್ಕೊಳ್ಳೋ ಹಾಗೆ."

"ಕೈ ಚರ್ಮ ಸುಲಿಯತ್ತೆ ಅದ್ರಿಂದ. ಇದರ ಗತಿ ಏನಾಗ್ಬೇಕು? ಕೊಡು ಇಲ್ಲಿ. ಪುಟ್ಟಿ, ಬಿಸಿನೀರು ಬಿಡೇ, ಬೇಗ. ಒಣಗಿದ್ರೆ ಹೋಗಲ್ಲ."

ಸೀಮೆಎಣ್ಣೆಯ ವಿಷಯದಲ್ಲಿ ಅವಳು ಹೇಳಿದ್ದು ಸರಿ ಎಂದು ಆಮೇಲೆ ಡಾಕ್ಟರಮ್ಮನೂ ಹೇಳಿದರು. ಆದರೆ ಕಲೆಗೆ ಸಮಯ ಕೊಡಬಾರದು ಎನ್ನುವ ಕಟ್ಟಳೆಯನ್ನು ಅವಳು ಹಕ್ಕಿಗೂ ಅನ್ವಯಿಸಿಬಿಟ್ಟಳು. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ರೆಕ್ಕೆಯನ್ನು ಬಿಡಿಸಿ ಬಿಡಿಸಿ, ಒಂದೂವರೆ ಗಂಟೆ ತೊಳೆದಳು. ಮಾವ ಇನ್ನೊಂದನ್ನು ತಂದರು, ಅದನ್ನೂ ತೊಳೆದಳು. ಕಪ್ಪು ಮುದ್ದೆಯ ಒಳಗಿಂದ ಕಂದು ಬೆನ್ನು, ಬೆಳ್ಳಿ ಹೊಟ್ಟೆ ಹೊರಗೆ ಬಂದಾಗ ನಾವು ಮೂವರೂ ಬಾಯಿ ಬಿಟ್ಟುಕೊಂಡು ನೋಡಿದೆವು. ಮಾವನಿಗೆ ತಮಾಷೆ ಮಾಡಲೂ ನೆನಪಾಗಲಿಲ್ಲ.

ಮಧ್ಯಾಹ್ನದ ಊಟದ ಹೊತ್ತಿಗೆ ಒಂದು ಹಕ್ಕಿ ಸತ್ತಿತು. ಟೀ ಹೊತ್ತಿಗೆ ಇನ್ನೊಂದು. ಎರಡೂ ಒಗೆದ ಬಟ್ಟೆಯಷ್ಟು ಶುಭ್ರವಾಗಿದ್ದವು.

ಡಾಕ್ಟರಮ್ಮ ಬಂದದ್ದು ಮಾರನೆ ದಿನ. ಅವರು ಹಸು, ನಾಯಿಗಳ ಡಾಕ್ಟರು. ದೊಡ್ಡ ಊರಿನ ಹಕ್ಕಿ ತಜ್ಞರೊಬ್ಬರ ಜೊತೆ ಫೋನಿನಲ್ಲಿ ಮಾತಾಡುತ್ತಾ, ಒಂದು ಪುಟ್ಟ ಪುಸ್ತಕ ಕೈಯಲ್ಲಿಟ್ಟುಕೊಂಡು, ಖಾಲಿ ಬಿದ್ದಿದ್ದ ಹರಾಜು ಶೆಡ್ಡಿನಲ್ಲಿ ಕೆಲಸ ಶುರು ಮಾಡಿದರು. ಬಂದವರಿಗೆಲ್ಲ ಮೊದಲು ಹೇಳಿದ ಮಾತು ಇದು:

"ಹಕ್ಕಿ ಸಿಕ್ಕಿದ ತಕ್ಷಣ ತೊಳೀಬೇಡಿ. ಅದು ಎರಡು ಮೂರು ದಿನದಿಂದ ಉಪವಾಸ ಇರತ್ತೆ, ಮೈ ತಣ್ಣಗಾಗಿರತ್ತೆ, ನಮ್ಮನ್ನ ನೋಡೇ ಅರ್ಧ ಜೀವ ಹೋಗಿರತ್ತೆ. ಕೈಗೆ ಗ್ಲೌಸ್ ಹಾಕ್ಕೊಂಡು, ಟವಲ್ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲು ಮಾಡಿ ತನ್ನಿ. ಒಂದು ದಿನ, ಬೇಕಾದ್ರೆ ಎರಡು ದಿನ, ಬೆಚ್ಚಗಿಟ್ಟು ಹೊಟ್ಟೆಗೆ ಹಾಕೋಣ. ಆಮೇಲೆ ಸ್ನಾನ."

ದೊಡ್ಡಮ್ಮ ಎಲ್ಲರ ಹಿಂದೆ ನಿಂತಿದ್ದಳು. ಎಲ್ಲರೂ ಚದುರಿದ ಮೇಲೆ ಡಾಕ್ಟರಮ್ಮನ ಹತ್ತಿರ ಹೋಗಿ ಕೇಳಿದಳು, "ನಾನು ನಿನ್ನೆ ಎರಡನ್ನ ತೊಳೆದೆ. ಹಾಗಾದ್ರೆ ಅವನ್ನ ಕೊಂದಿದ್ದು ನಾನೇ ಅಲ್ವಾ?"

ಡಾಕ್ಟರಮ್ಮ, "ಎಣ್ಣೆ ಕೊಂದಿದ್ದು ಅಮ್ಮ. ನೀವು ಸ್ವಲ್ಪ ಅವಸರ ಮಾಡಿದ್ರಿ ಅಷ್ಟೇ," ಎಂದರು.

ಆ "ಅಷ್ಟೇ" ದೊಡ್ಡಮ್ಮನಿಗೆ ಸಮಾಧಾನ ಕೊಡಲಿಲ್ಲ. ಆ ದಿನದಿಂದ ಅವಳು ಹಕ್ಕಿ ಮುಟ್ಟಲಿಲ್ಲ. ಶೆಡ್ಡಿಗೆ ಬರುತ್ತಿದ್ದಳು, ಕೊಳೆಯಾದ ಟವಲುಗಳನ್ನು ಗಂಟು ಕಟ್ಟಿಕೊಂಡು ಲಾಂಡ್ರಿಗೆ ಹೋಗುತ್ತಿದ್ದಳು, ಒಗೆದದ್ದನ್ನು ತಂದಿಡುತ್ತಿದ್ದಳು. ಹಕ್ಕಿಗಳ ಪೆಟ್ಟಿಗೆಗಳಿದ್ದ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಎಣ್ಣೆ ಮೆತ್ತಿಕೊಂಡ ಟವಲ್ ಮೆಷಿನ್ನಿಗೆ ಹಾಕಬಾರದು, ಬೆಂಕಿಯ ಭಯ. ಅವನ್ನು ಬೇರೆ ಮಾಡಿ ಮುಚ್ಚಳದ ಡಬ್ಬಿಗೆ ಹಾಕುವುದು ನನ್ನ ಕೆಲಸ.

ಶೆಡ್ಡಿನಲ್ಲಿ ಆಗ ಎಲ್ಲರಿಗೂ ಒಂದೊಂದು ಕೆಲಸವಿತ್ತು. ಕಡಲಿಗಿಳಿಯಲಾಗದ ದೋಣಿಯವರು ದಂಡೆಯಲ್ಲಿ ಸಾಲಾಗಿ ನಡೆದು ಹಕ್ಕಿ ಹುಡುಕುತ್ತಿದ್ದರು. ಮೀನು ಮಾರುವ ಹೆಂಗಸರು ಹಕ್ಕಿಗೆ ಕೊಡುವ ಮೀನನ್ನು ಅಳತೆಗೆ ಸರಿಯಾಗಿ ಆರಿಸುತ್ತಿದ್ದರು. ಬೆರಳುದ್ದಕ್ಕಿಂತ ದೊಡ್ಡದಾದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಗಂಟು ಮಾವನ ಕೆಲಸ ನನಗೆ ಬಹಳ ಹಿಡಿಸಿತು. ನೀರಲ್ಲೇ ಬದುಕುವ ಹಕ್ಕಿಯನ್ನು ಗಟ್ಟಿ ನೆಲದ ಮೇಲೆ ಕೂರಿಸಿದರೆ ಎದೆಯ ಮೂಳೆ ಒತ್ತಿ ಹುಣ್ಣಾಗುತ್ತದಂತೆ. ಅದಕ್ಕೆ ಮರದ ಚೌಕಟ್ಟಿಗೆ ಬಲೆ ಬಿಗಿದು, ಮಂಚದ ಹಾಗೆ ಮೇಲೆತ್ತಿ ನಿಲ್ಲಿಸಬೇಕು. ಮಾವ ಮತ್ತು ಅವರ ಜೊತೆಯವರು ಎರಡು ದಿನದಲ್ಲಿ ಹನ್ನೊಂದು ಮಂಚ ಹೊಲಿದರು.

"ಜೀವಮಾನ ಎಲ್ಲ ಹಿಡಿಯೋಕೆ ಬಲೆ ಹೊಲಿದೆ," ಎಂದರು ಮಾವ. "ಮಲಗಿಸೋಕೆ ಹೊಲೀತಾ ಇರೋದು ಇದೇ ಮೊದಲು. ನಮ್ಮ ಮನೇಲಿ ನನಗೇ ಇಂಥ ಮಂಚ ಇಲ್ಲ."

ಹೀಗೆ ಬದುಕಿ ಉಳಿದ ಮುಳುಗಗಳು ಹತ್ತೊಂಬತ್ತು. ಒಂದೊಂದನ್ನೂ ತಿನ್ನಿಸಿ, ಬೆಚ್ಚಗಿಟ್ಟು, ತೊಳೆದರು. ನೀರಿನ ಬಿಸಿ ಥರ್ಮಾಮೀಟರಿನಲ್ಲಿ ನಲವತ್ತು ಇರಬೇಕು. ಹಕ್ಕಿಯ ಮೈ ನಮ್ಮ ಮೈಗಿಂತ ಬಿಸಿ ಎನ್ನುವುದು ನನಗೆ ಆಗಲೇ ಗೊತ್ತಾದದ್ದು. ತೊಳೆದು, ಒಣಗಿಸಿ, ಮೀನು ತೊಳೆಯುವ ದೊಡ್ಡ ತೊಟ್ಟಿಗೆ ಬಿಟ್ಟರು.

ಐದು ನಿಮಿಷ ತೇಲಿದವು. ಆಮೇಲೆ ಬೆನ್ನು ಒದ್ದೆಯಾಯಿತು. ಹತ್ತು ನಿಮಿಷಕ್ಕೆ ಮೈ ಅರ್ಧ ಮುಳುಗಿ, ಕತ್ತು ಮಾತ್ರ ಮೇಲಕ್ಕೆ ಚಾಚಿ, ನಡುಗುತ್ತಾ ತೊಟ್ಟಿಯ ಅಂಚಿಗೆ ಬಂದು ಒತ್ತಿಕೊಂಡವು. ಹತ್ತೊಂಬತ್ತೂ ಹಾಗೇ. ಒಂದು ಚುಕ್ಕೆ ಎಣ್ಣೆಯೂ ಇಲ್ಲ, ವಾಸನೆ ಇಲ್ಲ, ನೋಡಲು ಹೊಸ ಹಕ್ಕಿಗಳ ಹಾಗಿವೆ, ಆದರೆ ನೀರು ಒಳಗೆ ಇಳಿಯುತ್ತಿದೆ. ಯಾಕೆ?

ಡಾಕ್ಟರಮ್ಮ ಒಂದು ಉದುರಿದ ಗರಿಯನ್ನು ನನಗೆ ತೋರಿಸಿದರು. ಗರಿಯ ಎಳೆಗಳು ಒಂದಕ್ಕೊಂದು ಕೊಂಡಿ ಹಾಕಿಕೊಂಡು ಒತ್ತಾಗಿ ಹೆಣೆದಿರುತ್ತವೆ. ಆ ಹೆಣಿಗೆ ಸರಿಯಿದ್ದರೆ ನೀರು ಮಣಿಯಾಗಿ ಉರುಳಿಹೋಗುತ್ತದೆ, ಒಳಗಿನ ಚರ್ಮಕ್ಕೆ ತಾಗುವುದೇ ಇಲ್ಲ. ನಡುವೆ ಏನಾದರೂ ಸೇರಿಕೊಂಡರೆ ಹೆಣಿಗೆ ಬಿಟ್ಟುಕೊಳ್ಳುತ್ತದೆ. ಹಾಗಾದರೆ ಏನು ಸೇರಿಕೊಂಡಿದೆ? ಎಣ್ಣೆ ಉಳಿದಿರಬೇಕು ಎಂದು ಮತ್ತೊಮ್ಮೆ ತೊಳೆದರು. ಮತ್ತೆ ಅದೇ ಪಾಡು.

ಶೆಡ್ಡಿನಲ್ಲಿ ಎಲ್ಲರೂ ಒಂದೊಂದು ಹೇಳತೊಡಗಿದರು. ಲಿಕ್ವಿಡ್ ಕಡಿಮೆಯಾಯಿತು ಎಂದು ಒಬ್ಬರು, ಜಾಸ್ತಿಯಾಯಿತು ಎಂದು ಇನ್ನೊಬ್ಬರು. ಹಕ್ಕಿಗಳು ಈಜು ಮರೆತಿವೆ ಎಂದರು ಗಂಟು ಮಾವ, ಹೇಳಿ ತಾವೇ ಮುಖ ಸಣ್ಣ ಮಾಡಿಕೊಂಡರು. ಮುಂದಿನ ವಾರದ ಗುರುವಾರ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿ ಹೇಳಿದರು:

"ಮೂರನೇ ಸಲ ತೊಳೆದ್ರೆ ಅವು ತಡ್ಕೊಳ್ಳೋದು ಕಷ್ಟ. ತೊಟ್ಟಿಗೆ ಬಿಡದೇ ಇಟ್ರೆ ಹುಣ್ಣಾಗಿ, ತಿನ್ನೋದು ಬಿಟ್ಟು ಸಾಯ್ತವೆ. ನಾಲ್ಕು ಆಗಲೇ ತಿನ್ನೋದು ಬಿಟ್ಟಿವೆ. ಶನಿವಾರದೊಳಗೆ ಕಾರಣ ಸಿಗದೇ ಇದ್ರೆ, ನೋವು ಪಡ್ಕೊಂಡು ಸಾಯೋಕೆ ಬಿಡಲ್ಲ. ಇಂಜೆಕ್ಷನ್ ಕೊಡ್ತೀನಿ. ನನಗೂ ಅದು ಇಷ್ಟ ಇಲ್ಲ."

ದೊಡ್ಡಮ್ಮ ಬಾಗಿಲಲ್ಲಿ ಟವಲ್ ಗಂಟು ಹಿಡಿದು ನಿಂತಿದ್ದಳು. ಗಂಟನ್ನು ಇಟ್ಟು ಹೊರಟುಹೋದಳು.

ಇಲ್ಲಿ ನನ್ನ ತಪ್ಪೊಂದನ್ನು ಬರೆಯಬೇಕು. ಟವಲುಗಳನ್ನೆಲ್ಲ ಲಾಂಡ್ರಿಗೇ ಒಯ್ಯಬೇಕು ಎಂದು ದೊಡ್ಡಮ್ಮ ಹೇಳಿದ್ದಳು. ಆ ದಿನ ಇಪ್ಪತ್ತು ಟವಲ್ ಹೊರುವುದು ಬೇಸರವಾಗಿ, ನಾನು ಶೆಡ್ಡಿನ ನಲ್ಲಿಯಲ್ಲೇ ಲಿಕ್ವಿಡ್ ಹಾಕಿ ಒಗೆದು ಅಲ್ಲೇ ಹಗ್ಗಕ್ಕೆ ಹಾಕಿದೆ. ಸಂಜೆ ಒಣಗಿದ್ದನ್ನು ಲಾಂಡ್ರಿಗೆ ತಂದು ಮಡಿಸುತ್ತಿದ್ದಾಗ ಒಂದು ಟವಲ್ ಮೇಜಿನ ಮೇಲೆ ತಾನಾಗೇ ನೆಟ್ಟಗೆ ನಿಂತಿತು, ರಟ್ಟಿನ ಹಾಗೆ. ನನಗೆ ನಗು ಬಂತು.

"ದೊಡ್ಡಮ್ಮ, ನೋಡು, ಇದು ನಿಂತ್ಕೊಳ್ಳತ್ತೆ."

ಅವಳು ನಗಲಿಲ್ಲ. "ಎಲ್ಲಿ ಒಗೆದೆ ಇದನ್ನ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೇಳಿದೆ. ಬೈಯುತ್ತಾಳೆ ಎಂದುಕೊಂಡೆ. ಅವಳು ಟವಲನ್ನು ಕೆನ್ನೆಗೆ ಒತ್ತಿಕೊಂಡಳು, ಮಡಚಿ ಕಿವಿಯ ಹತ್ತಿರ ಹಿಡಿದು ಉಜ್ಜಿದಳು, ಮತ್ತೆ ಮೇಜಿನ ಮೇಲೆ ನಿಲ್ಲಿಸಿದಳು. ಬಹಳ ಹೊತ್ತು ಅದನ್ನೇ ನೋಡಿದಳು.

"ಪುಟ್ಟಿ, ಹಕ್ಕಿ ಜಾಲಿಸೋದು ಯಾವ ನೀರಲ್ಲಿ?"

"ಅದೇ ನಲ್ಲೀದು. ಶೆಡ್ಡಿನ ಬೋರ್‌ವೆಲ್."

"ಎರಡು ಬಾಟ್ಲಿ ತಗೊಂಬಾ. ಒಂದರಲ್ಲಿ ಆ ನೀರು ಹಿಡ್ಕೊಂಡು ಬಾ. ಓಡು."

ಶೆಡ್ಡು ಇರುವುದು ಕಡಲಂಚಿನಲ್ಲೇ. ಆ ಇನ್ನೂರ ಹದಿನಾರು ಹೆಜ್ಜೆ ನಾನು ಅಷ್ಟು ಬೇಗ ಎಂದೂ ಓಡಿಲ್ಲ. ಒಂದು ಬಾಟಲಿಯಲ್ಲಿ ಶೆಡ್ಡಿನ ನೀರು, ಇನ್ನೊಂದರಲ್ಲಿ ನಮ್ಮ ನೀಲಿ ಟ್ಯಾಂಕಿನ ನೀರು. ದೊಡ್ಡಮ್ಮ ಜೇಬಿನ ಸೋಪಿನ ಚೂರಿನಿಂದ ಉಗುರಿನಷ್ಟು ಕೆರೆದು ಎರಡಕ್ಕೂ ಹಾಕಿದಳು. ಇಪ್ಪತ್ತು ಎಣಿಸುವವರೆಗೆ ಕುಲುಕಿದೆವು. ನಮ್ಮ ನೀರಿನಲ್ಲಿ ನೊರೆ ಕತ್ತಿನವರೆಗೂ ಏರಿತು. ಶೆಡ್ಡಿನ ನೀರಿನಲ್ಲಿ ನೊರೆಯೇ ಇಲ್ಲ, ಒಡೆದ ಹಾಲಿನ ಹಾಗೆ ಬಿಳಿ ಬಿಳಿ ಚೂರು ತೇಲುತ್ತಿದ್ದವು.

"ಆದ್ರೆ ಶೆಡ್ಡಲ್ಲಿ ಲಿಕ್ವಿಡ್ ಹಾಕಿದ್ರೆ ಚೆನ್ನಾಗಿ ನೊರೆ ಬರತ್ತಲ್ಲ ದೊಡ್ಡಮ್ಮ?"

"ಆ ಲಿಕ್ವಿಡ್‌ಗೆ ಎಲ್ಲಾ ನೀರಲ್ಲೂ ನೊರೆ ಬರತ್ತೆ ಕಣೇ, ಅದೇ ಅದರ ಮೋಸ. ನೀರಿನ ಗುಣ ಹೇಳೋದು ಈ ಹಳೇ ಸೋಪೇ. ಟವಲಲ್ಲಿ ಕೂತಿರೋದು ಗರಿಯಲ್ಲೂ ಕೂತಿದೆ. ಎಣ್ಣೆ ಎಂದೋ ಹೋಗಿದೆ. ಈಗ ಇರೋದು ನೀರಿನ ಕಲೆ."

ಮಾರನೆ ದಿನ ಶುಕ್ರವಾರ. ಬಾಟಲಿ ಎರಡನ್ನೂ ಆ ಟವಲನ್ನೂ ಚೀಲದಲ್ಲಿಟ್ಟುಕೊಂಡು ಶೆಡ್ಡಿಗೆ ಹೋದೆವು. ಬಾಗಿಲ ಹತ್ತಿರ ದೊಡ್ಡಮ್ಮ ನಿಂತುಬಿಟ್ಟಳು.

"ನೀನು ಹೇಳೇ."

"ನಾನಾ? ನಂಗೆ ಆಗಲ್ಲ."

"ಎರಡು ಹಕ್ಕಿ ಕೊಂದವಳು ಹೋಗಿ ಡಾಕ್ಟರಿಗೆ ಪಾಠ ಹೇಳಿದ್ರೆ ಚೆನ್ನಾಗಿರತ್ತಾ?"

"ಒಂಬತ್ತನೇ ಕ್ಲಾಸು ಬಿಟ್ಟವಳು ಹೇಳಿದ್ರೆ?"

ಹೀಗೆ ಇಬ್ಬರೂ ಬಾಗಿಲಲ್ಲಿ ಒಬ್ಬರನ್ನೊಬ್ಬರು ತಳ್ಳುತ್ತಾ ನಿಂತಿದ್ದಾಗ ಗಂಟು ಮಾವ ಹಿಂದಿನಿಂದ ಬಂದು, "ಏನಕ್ಕಾ, ಒಳಗೆ ಹೋಗೋಕೆ ಟಿಕೆಟ್ ಇಟ್ಟಿದ್ದಾರಾ?" ಎಂದರು. ನಾಚಿಕೆಯಾಗಿ ಇಬ್ಬರೂ ಒಳಗೆ ಹೋದೆವು. ಡಾಕ್ಟರಮ್ಮ ತೊಟ್ಟಿಯ ಅಂಚಿನಲ್ಲಿ ತಲೆ ಹಿಡಿದು ಕೂತಿದ್ದರು. ನನ್ನ ಗಂಟಲು ಕಟ್ಟಿತು, ಎಂದಿನ ಹಾಗೆ. ಆದರೆ ಕೈಗೆ ಏನೂ ಆಗಿರಲಿಲ್ಲ. ಬಾಟಲಿಗಳನ್ನು ಅವರ ಮುಂದೆ ಇಟ್ಟೆ, ಹೊಸದಾಗಿ ಸೋಪು ಕೆರೆದು ಹಾಕಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಕುಲುಕಿದೆ, ಇಪ್ಪತ್ತು ಎಣಿಸಿದೆ. ಆಮೇಲೆ ನಿಂತುಕೊಳ್ಳುವ ಟವಲನ್ನು ಪಕ್ಕದಲ್ಲಿ ನಿಲ್ಲಿಸಿದೆ.

ಡಾಕ್ಟರಮ್ಮ ಬಾಟಲಿ ನೋಡಿದರು, ಟವಲ್ ನೋಡಿದರು, ತೊಟ್ಟಿಯಲ್ಲಿ ನಡುಗುತ್ತಿದ್ದ ಹಕ್ಕಿಯನ್ನು ನೋಡಿದರು. "ಯಾವ ನೀರು ಯಾವುದು?" ಎಂದರು.

"ಇದು ಇಲ್ಲೀದು," ಎಂದಳು ದೊಡ್ಡಮ್ಮ. "ಅದು ನಮ್ಮ ಲಾಂಡ್ರೀದು."

ಡಾಕ್ಟರಮ್ಮ ತಕ್ಷಣ ತಜ್ಞರಿಗೆ ಫೋನ್ ಮಾಡಿದರು. ಮಾತು ನಮಗೂ ಕೇಳಿಸುತ್ತಿತ್ತು. ಆ ಕಡೆಯವರು, "ಮೆದು ನೀರು ಬೇಕು ಅಂತ ನಾನು ಹೇಳಿರಲಿಲ್ವಾ? ನಿಮಗೆ ಗೊತ್ತಿರತ್ತೆ ಅಂದ್ಕೊಂಡೆ," ಎಂದರು. ಡಾಕ್ಟರಮ್ಮ ಫೋನ್ ಇಟ್ಟು, "ಹಸು ತೊಳೆಯೋಕೆ ಯಾವ ನೀರಾದ್ರೂ ಆಗತ್ತೆ. ನನಗೆಲ್ಲಿಂದ ಗೊತ್ತಿರಬೇಕು," ಎಂದರು. ಆ ವಾರದಲ್ಲಿ ಅವರು ನಕ್ಕದ್ದು ಅದೊಂದೇ ಸಲ. ಆಮೇಲೆ ಗಂಭೀರವಾಗಿ ಹೇಳಿದರು:

"ಒಂದನ್ನ ಮಾತ್ರ ನೋಡೋಣ. ಸೋಪು ಬಹಳ ಬೇಡ, ಜಾಲಿಸೋದೇ ಮುಖ್ಯ. ನಿಮ್ಮ ಲಾಂಡ್ರಿಯಲ್ಲಿ ಮಾಡೋಣ. ಹಿಡ್ಕೊಳ್ಳೋದು ನಾನು. ಜಾಲಿಸೋದು ನೀವು."

"ನನ್ನ ಕೈ ಬೇಡ," ಎಂದಳು ದೊಡ್ಡಮ್ಮ.

"ಅಮ್ಮ, ಬಟ್ಟೆಯಲ್ಲಿ ಸೋಪು ಉಳಿದಿದೆಯೋ ಇಲ್ವೋ ಅಂತ ನೀವು ಹೇಗೆ ತಿಳ್ಕೋತೀರಿ?"

"ಬೆರಳಿಗೆ ಗೊತ್ತಾಗತ್ತೆ."

"ನನ್ನ ಬೆರಳಿಗೆ ಗೊತ್ತಾಗಲ್ಲ. ಅದಕ್ಕೇ ಕೇಳ್ತಿರೋದು."

ದೊಡ್ಡಮ್ಮ ಏಪ್ರನ್ನಿಗೆ ಕೈ ಒರೆಸಿಕೊಂಡಳು. ಕೈ ಒದ್ದೆಯಿರಲಿಲ್ಲ, ಆದರೂ ಒರೆಸಿಕೊಂಡಳು. "ಮೊದಲು ಅದಕ್ಕೆ ಮೀನು ತಿನ್ನಿಸಿ," ಎಂದಳು. "ಒಂದು ಗಂಟೆ ಬೆಚ್ಚಗೆ ಮಲಗಲಿ. ನಾನು ಕಾಯ್ತೀನಿ."

ಕಾಲಿನ ಬೆರಳು ಸೊಟ್ಟಗಿದ್ದ ಒಂದು ಮುಳುಗವನ್ನು ಆರಿಸಿದರು. ಲಾಂಡ್ರಿಯ ನಡುವಿನ ತೊಟ್ಟಿಯಲ್ಲಿ ನಲವತ್ತು ಡಿಗ್ರಿ ನೀರು, ಬಾಯ್ಲರಿನಿಂದ ಬಂದ ಪೈಪಿನ ತುದಿಗೆ ಮಾವ ಹೊಂದಿಸಿಕೊಟ್ಟ ಸಣ್ಣ ಶವರ್. ದೊಡ್ಡಮ್ಮ ಬಾಲದಿಂದ ಶುರುಮಾಡಿ ತಲೆಯ ಕಡೆಗೆ, ಗರಿಯ ಕೆಳಗೆ ನೀರು ನುಗ್ಗುವ ಹಾಗೆ, ಒಂದು ಬೆರಳಗಲ ಜಾಲಿಸಿ, ಆಮೇಲೆ ಮುಂದಿನ ಬೆರಳಗಲಕ್ಕೆ ಹೋಗುತ್ತಿದ್ದಳು. ಮೊದಮೊದಲು ಗರಿ ನೀರನ್ನು ಹೀರಿಕೊಳ್ಳುತ್ತಿತ್ತು. ಹಕ್ಕಿ ಎರಡು ಸಲ ಅವಳ ಮಣಿಕಟ್ಟನ್ನು ಕುಕ್ಕಿತು. ಅವಳು ಕೈ ತೆಗೆಯಲಿಲ್ಲ. ಡಾಕ್ಟರಮ್ಮ ಗಡಿಯಾರ ನೋಡುತ್ತಿದ್ದರು. ಇಪ್ಪತ್ತೈದು ನಿಮಿಷಕ್ಕೆ, "ಸಾಕಾ?" ಎಂದರು. "ಇನ್ನೂ ಇಲ್ಲ," ಎಂದಳು.

ಮೂವತ್ತೆಂಟನೇ ನಿಮಿಷದಲ್ಲಿ ಅದು ನನಗೂ ಕಾಣಿಸಿತು. ಬೆನ್ನ ಮೇಲೆ ಬಿದ್ದ ನೀರು ಥಟ್ಟನೆ ಮಣಿಗಳಾಗಿ ಎದ್ದು ಉರುಳಿ ಬಿತ್ತು. ಶವರಿನ ಕೆಳಗೇ ಇರುವ ಹಕ್ಕಿಯ ಬೆನ್ನು ಒಣಗಿತ್ತು. ಇದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. ದೊಡ್ಡಮ್ಮ ಬೆರಳಿನಿಂದ ಒಂದು ಮಣಿಯನ್ನು ತಳ್ಳಿ, ಅದು ಓಡುವುದನ್ನು ನೋಡಿ, "ಹ್ಞೂ, ಈಗ," ಎಂದಳು.

ಪೆಟ್ಟಿಗೆಯಲ್ಲಿ ಒಣಗಿಸಿ, ಮಧ್ಯಾಹ್ನದ ಮೇಲೆ ಪಕ್ಕದ ತೊಟ್ಟಿಗೆ ಬಿಟ್ಟೆವು. ದೊಡ್ಡಮ್ಮ ಗೋಡೆಯ ಕಡೆ ಮುಖ ಮಾಡಿ ಇಸ್ತ್ರಿ ಮಾಡುವ ಹಾಗೆ ನಟಿಸುತ್ತಿದ್ದಳು. ಇಸ್ತ್ರಿಪೆಟ್ಟಿಗೆ ಬಿಸಿಯೇ ಆಗಿರಲಿಲ್ಲ.

"ಎಷ್ಟಾಯ್ತೇ?"

"ಹತ್ತು ನಿಮಿಷ."

"ಒದ್ದೆ ಆಯ್ತಾ?"

"ಇಲ್ಲ."

ಇಪ್ಪತ್ತು ನಿಮಿಷಕ್ಕೆ ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಒಂದು ಗಂಟೆಯಾದಾಗ ಆ ಹಕ್ಕಿ ತೊಟ್ಟಿಯ ಮಧ್ಯಕ್ಕೆ ಹೋಗಿ, ತಲೆ ಬಗ್ಗಿಸಿ, ಪುಳಕ್ಕನೆ ಮುಳುಗಿ, ಇನ್ನೊಂದು ಮೂಲೆಯಲ್ಲಿ ಎದ್ದು ಮೈ ಕೊಡವಿತು. ನಮ್ಮೆಲ್ಲರ ಮುಖಕ್ಕೂ ನೀರು ಸಿಡಿಯಿತು. ಗಂಟು ಮಾವ ಮುಖ ಒರೆಸಿಕೊಳ್ಳುತ್ತಾ, "ಈಜು ಮರೆತಿಲ್ಲ ಬಿಡಿ," ಎಂದರು. ದೊಡ್ಡಮ್ಮ ಆಗ ತಿರುಗಿ ನೋಡಿದಳು.

ಶನಿವಾರ ಯಾವ ಇಂಜೆಕ್ಷನ್ನೂ ಬೇಕಾಗಲಿಲ್ಲ. ನಾಲ್ಕು ದಿನ ಲಾಂಡ್ರಿಯ ಬಾಯ್ಲರ್ ಬೆಳಗ್ಗೆಯಿಂದ ಸಂಜೆಯವರೆಗೆ ಉರಿಯಿತು. ಹತ್ತೊಂಬತ್ತರಲ್ಲಿ ಹದಿನೈದು ತೇಲಿದವು. ತಿನ್ನುವುದು ಬಿಟ್ಟಿದ್ದ ನಾಲ್ಕು ಉಳಿಯಲಿಲ್ಲ. ಆ ನಾಲ್ಕನ್ನೂ ಮೊದಲ ಎರಡನ್ನೂ ಸೇರಿಸಿ ದೊಡ್ಡಮ್ಮ ಆರು ಎಂದು ಲೆಕ್ಕ ಇಟ್ಟುಕೊಂಡಿದ್ದಾಳೆ. ಯಾರಾದರೂ ಹದಿನೈದು ಎಂದು ಹೊಗಳಿದರೆ ಆರು ಎಂದು ಹೇಳಿ ಮಾತು ಮುಗಿಸುತ್ತಾಳೆ.

ಮೂರು ವಾರದ ನಂತರ, ಎಣ್ಣೆ ತಲುಪದ ಒಂದು ದಂಡೆಗೆ ಅವನ್ನು ಒಯ್ದರು. ದೊಡ್ಡಮ್ಮನೂ ಬಂದಳು. ಪೆಟ್ಟಿಗೆಗಳನ್ನು ತೆರೆದಾಗ ಹಕ್ಕಿಗಳು ಒಂದೊಂದಾಗಿ ನೀರಿಗೆ ಓಡಿದವು. ಸೊಟ್ಟ ಬೆರಳಿನದು ಮಾತ್ರ ದಡದಲ್ಲೇ ನಿಂತು ಅತ್ತಿತ್ತ ನೋಡುತ್ತಿತ್ತು. ದೊಡ್ಡಮ್ಮ ಅದನ್ನು ಎತ್ತಿಕೊಂಡು ಮೊಣಕಾಲವರೆಗೆ ನೀರಿಗೆ ಇಳಿದು ಬಿಟ್ಟು ಬಂದಳು. ಬಂದ ಮೇಲೆ ತನ್ನ ಒದ್ದೆ ಕಾಲನ್ನು ನೋಡಿಕೊಂಡು, "ಉಪ್ಪು ನೀರು. ಇದರಲ್ಲಿ ಏನೂ ಒಗೆಯೋಕಾಗಲ್ಲ," ಎಂದಳು.

ಈಗ ಲಾಡ್ಜುಗಳ ಬಟ್ಟೆ ಮತ್ತೆ ಬರುತ್ತಿದೆ. ಶೆಡ್ಡಿನಲ್ಲಿ ಹರಾಜು ನಡೆಯುತ್ತಿದೆ. ಗಂಟು ಮಾವನ ಹನ್ನೊಂದು ಮಂಚಗಳನ್ನು ಶೆಡ್ಡಿನ ಅಟ್ಟದ ಮೇಲೆ ಜೋಡಿಸಿಟ್ಟಿದ್ದಾರೆ. ಉಪ್ಪಿನಿಂದ ನೀರು ಹೇಗೆ ಮೆದುವಾಗುತ್ತದೆ ಎನ್ನುವುದು ನನಗೆ ಇನ್ನೂ ಪೂರ್ತಿ ತಿಳಿದಿಲ್ಲ. ಲೈಬ್ರರಿಯಲ್ಲಿ ಒಂದು ಪುಸ್ತಕ ಸಿಕ್ಕಿದೆ, ನಿಧಾನವಾಗಿ ಓದುತ್ತಿದ್ದೇನೆ.

ಬಂದರಿನ ಸುತ್ತ ಒಟ್ಟು ಹದಿನಾಲ್ಕು ನಲ್ಲಿಗಳಿವೆ. ನಾಳೆ ಬೆಳಗ್ಗೆ ಹದಿನಾಲ್ಕು ಬಾಟಲಿ ತೆಗೆದುಕೊಂಡು ಹೋಗಿ ಒಂದೊಂದರ ನೀರನ್ನೂ ಹಿಡಿದು, ಉಗುರಿನಷ್ಟು ಸೋಪು ಹಾಕಿ, ಇಪ್ಪತ್ತು ಎಣಿಸಿ ಕುಲುಕಿ ನೋಡುತ್ತೇನೆ. ಯಾವ ನಲ್ಲಿಯ ನೀರು ಮೆದು, ಯಾವುದು ಗಡಸು ಎಂದು ದೊಡ್ಡ ಅಕ್ಷರದಲ್ಲಿ ಬರೆದು ಶೆಡ್ಡಿನ ಬಾಗಿಲಿಗೆ ಅಂಟಿಸುತ್ತೇನೆ.